ಎಡಗಾಲಿಗೆ ಕೆಲಸವಿಲ್ಲದ ಕಾರು

ನಾನು ಹುಳಿ ಕದಡುವುದು ಗೇರಿನಲ್ಲಿ. ನಗಬೇಡಿ, ನಿಜವಾಗಿಯೂ. ಎಲ್ಲರ ಹಾಗೆ ಸೌಟನ್ನು ಗುಂಡಗೆ ತಿರುಗಿಸುವುದು ನನ್ನ ಕೈಗೆ ಬರುವುದೇ ಇಲ್ಲ. ಮೊದಲು ನನ್ನ ಕಡೆಗೆ ಎಳೆದು ಮೇಲಕ್ಕೆ, ಅಲ್ಲಿಂದ ನೇರ ಕೆಳಕ್ಕೆ, ಆಮೇಲೆ ಆಚೆಗೆ ತಳ್ಳಿ ಮತ್ತೆ ಮೇಲಕ್ಕೆ, ಕಡೆಗೊಮ್ಮೆ ಕೆಳಕ್ಕೆ. ಫಸ್ಟು, ಸೆಕೆಂಡು, ಥರ್ಡು, ಟಾಪು. ಅದೂ ಎಡಗೈಯಲ್ಲಿ! ಅಮ್ಮ ಇರುವ ತನಕ ‘ಎಡಗೈಲಿ ಅಡುಗೆ ಮುಟ್ತಾಳೆ, ಮೂದೇವಿ’ ಎಂದು ಬೈದೇ ಬೈದಳು. ಸೊಸೆ ಬಂದ ಹೊಸತರಲ್ಲಿ ಇದು ನಮ್ಮ ಮನೆತನದ ಯಾವುದೋ ಪದ್ಧತಿ ಇರಬೇಕೆಂದು ತಾನೂ ಹಾಗೇ ಕದಡುತ್ತಿದ್ದಳಂತೆ ಪಾಪ.

ಮೊನ್ನೆ ಹೀಗೆ ಥರ್ಡಿನಲ್ಲಿ ಹುಳಿ ಕುದಿಯುತ್ತಿದ್ದಾಗ ಮಗ ಬಂದ. ಹೊಸ ಕಾರು ಕೊಳ್ಳಲು ಹೋದವನು ಬರಿಗೈಯಲ್ಲಿ ಬಂದಿದ್ದ. ಅಂಗಡಿಯವನು ಗೇರಿನಲ್ಲೇ ನಾಲ್ಕು ಜಾತಿ ಹೇಳಿದನಂತೆ, ಒಂದೊಂದಕ್ಕೂ ಮೂರು ಮೂರು ಇಂಗ್ಲಿಷ್ ಅಕ್ಷರದ ಹೆಸರು.

“ತಲೆ ಚಿಟ್ಟು ಹಿಡಿದೋಯ್ತಮ್ಮ. ಕಾಲಲ್ಲಿ ಕ್ಲಚ್ ಒತ್ತೋದು ಒಂದು, ಕ್ಲಚ್ ಇಲ್ದೆ ತಾನೇ ಗೇರ್ ಬದಲಾಯಿಸೋದು ಮೂರು ಥರ. ಯಾವ್ದು ತೊಗೊಳ್ಳೋದು ಅಂತ ಅಂಗಡಿಯವನತ್ರ ನಾಲ್ಕು ದಿನ ಟೈಮ್ ಕೇಳ್ಬಂದೆ” ಎಂದ.

“ನಾಲ್ಕೇ ದಿನಾನಾ?” ಎಂದೆ. ನಮ್ಮ ಮನೆಯಲ್ಲಿ ಇದೇ ವಿಷಯಕ್ಕೆ ಒಂದಿಡೀ ಬೇಸಗೆ ರಜೆ ಹಿಡಿದಿತ್ತು. ಈಗ ಹುಳಿ ಕೆಳಗಿಳಿಸಿದ್ದೇನೆ, ನಿಮಗೆ ಹೇಳಿಯೇ ಬಿಡುತ್ತೇನೆ.

ಎಪ್ಪತ್ತರ ದಶಕ ಆಗಷ್ಟೇ ಕಣ್ಣು ಬಿಟ್ಟಿತ್ತು. ನಮ್ಮ ಮನೆ ಹಲಸೂರಿನಲ್ಲಿ. ಅಪ್ಪ ಕಾರ್ಖಾನೆಯಲ್ಲಿ ಫೋರ್‌ಮನ್ನು, ಅದೂ ಗೇರು ಕತ್ತರಿಸುವ ವಿಭಾಗದಲ್ಲಿ. ಹಲ್ಲಿನ ಚಕ್ರ ಕಂಡರೆ ಸಾಕು, ಬೇರೆಯವರು ಮಗುವಿನ ಕೆನ್ನೆ ಸವರುವ ಹಾಗೆ ಹೆಬ್ಬೆರಳಿನಲ್ಲಿ ಸವರಿ ನೋಡುತ್ತಿದ್ದ ಮನುಷ್ಯ. ನಮ್ಮ ಬೀದಿಯಲ್ಲಿದ್ದದ್ದು ಒಂದೇ ಕಾರು, ಅದು ನಮ್ಮದು. ಮೂರನೆಯವರ ಕೈಯಿಂದ ಬಂದದ್ದು. ಅದರ ಗೇರಿನ ಒಂದು ಸವೆದ ಕೊಂಡಿಯನ್ನು ಅಪ್ಪ ತಾವೇ ಅರದಿಂದ ಉಜ್ಜಿ ಉಜ್ಜಿ ಮಾಡಿ ಕೂರಿಸಿದ್ದರು, ಅದನ್ನು ಬಂದವರಿಗೆಲ್ಲ ಹೇಳದೆ ಕಾಫಿ ಕೊಡುತ್ತಿರಲಿಲ್ಲ.

ಈಗಿನವರಿಗೆ ಗೇರು ಎಂದರೆ ಎರಡು ಸೀಟಿನ ನಡುವೆ ನಿಂತ ಕೋಲು. ನಮ್ಮ ಕಾರಿನಲ್ಲಿ ಅದು ಸ್ಟೇರಿಂಗಿನ ಕಂಬಕ್ಕೇ ಎಡಗಡೆ ಅಂಟಿಕೊಂಡಿತ್ತು. ಹ್ಯಾಂಡ್ ಗೇರು ಎನ್ನುತ್ತಿದ್ದೆವು. ನಡುವೆ ಕೋಲಿಲ್ಲದ್ದರಿಂದ ಮುಂದಿನ ಸೀಟು ಒಂದೇ ಉದ್ದನೆಯ ಬೆಂಚು, ಅದರ ಮೇಲೆ ಮೂರು ಜನ, ಹಣ್ಣಿನ ಕಾಲದಲ್ಲಿ ಮೂರು ಜನ ಮತ್ತು ಒಂದು ಹಲಸಿನಹಣ್ಣು. ನೆಲದಿಂದ ಎದ್ದ ಕೋಲಿನ ಕಾರುಗಳೂ ಇದ್ದವು. ಅವು ಫ್ಲೋರ್ ಗೇರು. ಫ್ಲೋರ್ ಗೇರಿನವರು ಹಾಲು ತರಲು ಹೊರಟರೂ ರೇಸಿಗೆ ಹೊರಟವರಂತೆ ಮುಖ ಮಾಡಿಕೊಂಡಿರುತ್ತಿದ್ದರು. ಅಪ್ಪನಿಗೂ ಕಾರ್ಖಾನೆಯ ಅವರ ಸ್ನೇಹಿತರೊಬ್ಬರಿಗೂ ಯಾವುದು ಹೆಚ್ಚು ಎಂಬ ವಿಷಯಕ್ಕೆ ಮಾತು ಬಿಟ್ಟೇಹೋಗಿ, ಆರು ತಿಂಗಳು ಎದುರುಬದುರು ಕೂತು ಮೌನವಾಗಿ ಊಟದ ಡಬ್ಬಿ ಬಿಚ್ಚಿದ್ದರು.

ನಾನು ಓಡಿಸಲು ಕಲಿತದ್ದು ಇಂದಿರಾನಗರದಲ್ಲಿ. ಅಲ್ಲಿ ಆಗ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಜಾಸ್ತಿ, ಕಲ್ಲಿಗಿಂತ ಎಮ್ಮೆ ಜಾಸ್ತಿ. ಕ್ಲಚ್ಚು ಎಂದರೇನು ಎಂದು ಅಪ್ಪ ಊಟಕ್ಕೆ ಕೂತಾಗ ಎರಡು ತಟ್ಟೆಗಳನ್ನು ಬೆನ್ನಿಗೆ ಬೆನ್ನು ಒತ್ತಿ ಹಿಡಿದು ತೋರಿಸಿದ್ದರು. “ಇದು ಎಂಜಿನ್ ಕಡೇದು, ಯಾವಾಗ್ಲೂ ತಿರುಗ್ತಿರುತ್ತೆ. ಇದು ಚಕ್ರದ ಕಡೇದು, ನಿಂತಿರುತ್ತೆ. ಒತ್ತಿದ್ರೆ ಎರಡೂ ಒಟ್ಟಿಗೆ ತಿರುಗುತ್ತೆ. ಪೆಡಲ್ ತುಳಿದ್ರೆ ಬೇರೆ ಆಗುತ್ತೆ, ಆಗ ಗೇರು ಬದಲಾಯಿಸ್ಬೇಕು. ದಬಕ್ ಅಂತ ಜೋಡಿಸಿದ್ರೋ, ಗಾಡಿ ಹಾರಿ ನಿಲ್ಲುತ್ತೆ.” ತಟ್ಟೆಯಲ್ಲಿದ್ದ ಅನ್ನದ ಅಗುಳು ನೆಲದ ಮೇಲೆಲ್ಲ ಬಿದ್ದು ಅಮ್ಮನಿಂದ ಬೈಸಿಕೊಂಡರು. ನಮ್ಮ ಕಾರಿನ ಫಸ್ಟ್ ಗೇರಂತೂ ಇನ್ನೂ ಮೊಂಡು. ಓಡುತ್ತಿರುವಾಗ ಅದಕ್ಕೆ ಇಳಿಯಬೇಕೆಂದರೆ ಕ್ಲಚ್ಚನ್ನು ಎರಡು ಸಲ ತುಳಿದು, ನಡುವೆ ಒಮ್ಮೆ ಎಂಜಿನ್ನಿನ ವೇಗ ಏರಿಸಬೇಕು, ಇಲ್ಲದಿದ್ದರೆ ಕರ್‌ರ್ ಎಂದು ಬೀದಿಯ ನಾಯಿಗಳೆಲ್ಲ ಎದ್ದು ನಿಲ್ಲುತ್ತಿದ್ದವು. ನಾನು ಅದನ್ನು ಸದ್ದಿಲ್ಲದೆ ಹಾಕಲು ಕಲಿತ ದಿನ, ಶಿವಾಜಿನಗರದ ನಮ್ಮ ಮೆಕ್ಯಾನಿಕ್ಕು ಬಾಷಾ ಸಾಹೇಬರು “ಶಾಬಾಶ್ ಬೇಟಿ, ಗೇರು ಹಾಕೋದು ಕೈಯಲ್ಲ, ಕಿವಿ. ನಿನಗೆ ಕಿವಿ ಬಂತು” ಎಂದರು. ಇಪ್ಪತ್ತೊಂದು ವಯಸ್ಸು, ಕೈಯಲ್ಲಿ ಲೈಸೆನ್ಸು, ಹೊಗಳಲು ಬಾಷಾ ಸಾಹೇಬರು! ಹಲಸೂರಿನ ಬೀದಿಯೇ ನನಗೆ ಸಾಲದಾಗಿಹೋಯಿತು.

ಇಷ್ಟರಲ್ಲಿ ನಮ್ಮ ರುಕ್ಕತ್ತೆಗೆ ಆರ್ಡರು ಬಂತು.

ರುಕ್ಕತ್ತೆ ಅಪ್ಪನ ತಂಗಿ. ಮದುವೆಯಾಗಿರಲಿಲ್ಲ, ನಮ್ಮ ಜೊತೆಯೇ ಇದ್ದಳು. ಮೂರು ವರ್ಷದವಳಿದ್ದಾಗ ಜ್ವರ ಬಂದು ಎಡಗಾಲು ಸೊರಗಿಹೋಗಿತ್ತು. ಮೊಣಕಾಲಿನವರೆಗೆ ಕಬ್ಬಿಣದ ಪಟ್ಟಿ ಇರುವ ಬೂಟು ಹಾಕಿಕೊಂಡು ಟಕ್, ಟಕ್ ಎಂದು ನಡೆಯುತ್ತಿದ್ದಳು. ಹಲಸೂರಿನ ಹೈಸ್ಕೂಲಿನಲ್ಲಿ ಲೆಕ್ಕದ ಮಿಸ್ಸು. ದಿನಾ ಗೊತ್ತುಮಾಡಿದ ಜಟಕಾದಲ್ಲಿ ಹೋಗಿ ಬರುವಳು. ಅವಳ ಟಕ್ ಟಕ್ ವರಾಂಡದ ಆ ತುದಿಯಲ್ಲಿ ಕೇಳಿದರೆ ಈ ತುದಿಯ ಕ್ಲಾಸಿನಲ್ಲಿ ಮಗ್ಗಿ ಶುರುವಾಗುತ್ತಿತ್ತಂತೆ. ಅಂಥವಳಿಗೆ ಕೃಷ್ಣರಾಜಪುರದ ಶಾಲೆಗೆ ಹೆಡ್‌ಮಿಸ್ಟ್ರೆಸ್ ಆಗಿ ಬಡ್ತಿ ಬಂದಿತ್ತು. ಜೂನಿನಲ್ಲಿ ಶಾಲೆ ತೆರೆಯುವ ದಿನ ಹಾಜರಾಗಬೇಕು, ಇಲ್ಲದಿದ್ದರೆ ಬಡ್ತಿ ಇನ್ನೊಬ್ಬರಿಗೆ.

ಮನೆಯಲ್ಲಿ ಸಂತೋಷ ಪಡುವುದಕ್ಕೂ ಬಿಡದೆ ಎಲ್ಲರೂ ಅಡ್ಡಿಗಳ ಪಟ್ಟಿ ಓದಿದರು. ಜಟಕಾದ ಕುದುರೆ ಅಷ್ಟು ದೂರ ದಿನಾ ಹೋಗಲಾರದು. ಬಸ್ಸು ಅವಳಿಗೆ ಹತ್ತಲಾಗುವುದಿಲ್ಲ. ಆಟೋದವರು ಕೃಷ್ಣರಾಜಪುರ ಎಂದರೆ ತಲೆಯನ್ನೂ ತಿರುಗಿಸುವುದಿಲ್ಲ. ಅಲ್ಲೇ ಮನೆ ಮಾಡೋಣವೆಂದರೆ ಹಾಸಿಗೆ ಹಿಡಿದ ಅಜ್ಜಿ ಅವಳ ಕೈಯಿಂದಲ್ಲದೆ ಗಂಜಿ ಕುಡಿಯುತ್ತಿರಲಿಲ್ಲ. ಅಪ್ಪನೋ, ಬೆಳಗ್ಗೆ ಏಳಕ್ಕೆ ಕಾರ್ಖಾನೆಯಲ್ಲಿರಬೇಕು. ನನಗೂ ವಿಮಾ ಕಚೇರಿಯಲ್ಲಿ ಆಗಷ್ಟೇ ಕೆಲಸ ಸಿಕ್ಕಿತ್ತು.

“ಬೇಡ ಅಂತ ಬರೆದುಕೊಟ್ಬಿಡು ರುಕ್ಕು. ಇಲ್ಲೇ ಆರಾಮಾಗಿದೀಯಲ್ಲ” ಎಂದರು ಅಪ್ಪ.

“ಇಪ್ಪತ್ತು ವರ್ಷ ಪಾಠ ಮಾಡಿದೀನಿ ಅಣ್ಣ. ನಾನೇನು ಕಾಲಲ್ಲಿ ಪಾಠ ಮಾಡ್ತೀನಾ? ಬೇಡ ಅಂತ ಬರೆಯೋ ಕೈ ನಂದಲ್ಲ” ಎಂದಳು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, “ಏ, ನೀನು ಭಾರಿ ಡ್ರೈವರ್ ಅಂತ ಕುಣೀತೀಯಲ್ಲ, ನನಗೆ ಕಾರು ಕಲಿಸು” ಎಂದಳು.

ಮರುದಿನವೇ ಇಂದಿರಾನಗರದ ಎಮ್ಮೆಗಳ ಮುಂದೆ ಪಾಠ ಶುರು. ಸ್ಟೇರಿಂಗು ಅವಳಿಗೆ ಒಂದೇ ದಿನಕ್ಕೆ ಬಂತು. ಬಲಗಾಲು ಬ್ರೇಕಿಗೂ ಆಕ್ಸಿಲರೇಟರಿಗೂ ಲಕ್ಷಣವಾಗಿ ಓಡಾಡಿತು. ಆದರೆ ಕ್ಲಚ್ಚು? ಎಡಗಾಲನ್ನು ಎರಡು ಕೈಯಲ್ಲಿ ಎತ್ತಿ ಪೆಡಲಿನ ಮೇಲಿಟ್ಟು, ಮೊಣಕಾಲನ್ನು ಕೈಯಿಂದ ಒತ್ತಿದರೂ ಅದು ಅರ್ಧಕ್ಕೆ ಇಳಿಯುತ್ತಿರಲಿಲ್ಲ. ಎಂಟು ದಿನ ಒತ್ತಿದಳು. ಮೊಣಕಾಲಿನ ಮೇಲೆ ಅಂಗೈಯ ಗುರುತು ನೀಲಿಗಟ್ಟಿತು.

ಬಾಷಾ ಸಾಹೇಬರು ವಿಷಯ ಕೇಳಿ, “ಫಿಕರ್ ನಕ್ಕೋ ಟೀಚರಮ್ಮ, ಕಾಲಿನ ಕ್ಲಚ್ಚನ್ನ ಕೈಗೆ ತಂದ್ಬಿಡ್ತೀನಿ” ಎಂದು ಕ್ಲಚ್ಚಿನ ಪೆಡಲಿಗೆ ಒಂದು ಕಬ್ಬಿಣದ ಸರಳು ಬೆಸೆದು ಎಡಗೈಯ ಹತ್ತಿರ ಹಿಡಿ ಇಟ್ಟುಕೊಟ್ಟರು. ಹಿಡಿ ಎಳೆದರೆ ಕ್ಲಚ್ಚು. ಎಂಥಾ ಬುದ್ಧಿ ಎಂದು ನಾವೆಲ್ಲ ಚಪ್ಪಾಳೆ ತಟ್ಟಿದೆವು. ಕಾರು ಹತ್ತಿದ ಮೇಲೆ ತಿಳಿಯಿತು: ಎಡಗೈ ಕ್ಲಚ್ಚು ಎಳೆದು ಹಿಡಿದಿರುವಾಗಲೇ ಅದೇ ಎಡಗೈ ಗೇರನ್ನೂ ಹಾಕಬೇಕು, ಬಲಗೈ ಸ್ಟೇರಿಂಗು ಬಿಡುವಂತಿಲ್ಲ.

“ಬಾಷಾ ಸಾಹೇಬ್ರೇ, ಮೂರನೇ ಕೈಯನ್ನೂ ನೀವೇ ವೆಲ್ಡಿಂಗ್ ಮಾಡಿಕೊಡ್ತೀರಾ?” ಎಂದಳು ಅತ್ತೆ.

ಆದರೂ ಛಲ. ಕೆರೆಯ ಏರಿಯ ಕೆಳಗಿನ ಬಯಲಿನಲ್ಲಿ, ಬಲಗೈಯನ್ನು ಸ್ಟೇರಿಂಗಿನಿಂದ ತೆಗೆದು ಮಿಂಚಿನಂತೆ ಗೇರು ಹಾಕಿ ಮತ್ತೆ ಸ್ಟೇರಿಂಗು ಹಿಡಿಯುವ ಹೊಸ ವಿದ್ಯೆಯನ್ನು ಅವಳೇ ಕಂಡುಹಿಡಿದಳು. ಎರಡು ಸಲ ನಡೆಯಿತು. ಮೂರನೇ ಸಲ ಕಾರು ತನ್ನಷ್ಟಕ್ಕೆ ತಿರುಗಿ ದೋಬಿಯ ಹಗ್ಗದ ಸಾಲಿಗೆ ನುಗ್ಗಿತು. ಮುಂದಿನ ಗಾಜಿನ ಮೇಲೆ ಒಂದು ದೊಡ್ಡ ಬಿಳಿ ದುಪ್ಪಟಿ ಬಂದು ಬಿದ್ದು ಪ್ರಪಂಚವೇ ಮುಚ್ಚಿಹೋಯಿತು. ಪಕ್ಕದಲ್ಲಿದ್ದ ನಾನು ಹ್ಯಾಂಡ್ ಬ್ರೇಕು ಎಳೆದೆ. ದೋಬಿ ಓಡಿಬಂದು “ಅಮ್ಮಾವ್ರೇ, ಅದು ಆಸ್ಪತ್ರೆ ಶೀಟು! ನಿಮಗೆ ಬೇಕು ಅಂದಿದ್ರೆ ನಾನೇ ಮನೇಗ್ ತಂದ್ಕೊಡ್ತಿದ್ನಲ್ಲ!” ಎಂದ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು, ಅತ್ತೆಯೂ ನಕ್ಕಳು. ಮನೆಗೆ ಬಂದು ಬೂಟು ಬಿಚ್ಚುತ್ತಾ ಕೂತವಳು ಮಾತ್ರ ಒಂದು ಬೂಟಿನ ಪಟ್ಟಿಯನ್ನೇ ಅರ್ಧ ಗಂಟೆ ಬಿಚ್ಚಿದಳು. ಹತ್ತಿರ ಹೋದರೆ ಅಳುತ್ತಿದ್ದಳು. ರುಕ್ಕತ್ತೆ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೇ ತಿಂಗಳು ಅರ್ಧ ಕಳೆದಿತ್ತು. ಬಾಷಾ ಸಾಹೇಬರು ಒಂದು ದಿನ ಬೆಳಗ್ಗೆಯೇ ಸೈಕಲ್ಲಿನಲ್ಲಿ ಬಂದು ಬಾಗಿಲಲ್ಲೇ ಕೂಗಿದರು. “ಸಾಬ್! ರಿಚರ್ಡ್ಸ್ ಟೌನಲ್ಲಿ ಡಾಲಿ ಮೇಡಂ ಕಾರು ಮಾರ್ತಾ ಇದಾರೆ. ವಿಲಾಯ್ತಿ ಗಾಡಿ, ಆಟೋಮ್ಯಾಟಿಕ್. ಎರಡೇ ಪೆಡಲ್ಲು! ಎಡಗಾಲಿಗೆ ಕೆಲಸಾನೇ ಇಲ್ಲ! ಯಾರೂ ಮುಟ್ತಾ ಇಲ್ಲ ಅದನ್ನ.”

“ಗೇರು ಯಾರು ಹಾಕೋದು?” ಎಂದರು ಅಪ್ಪ.

“ಅದೇ ಹಾಕ್ಕೊಳ್ಳುತ್ತೆ ಸಾಬ್. ಒಳಗೆ ಎಣ್ಣೆ ತಿರುಗುತ್ತೆ, ಎಣ್ಣೆಯಿಂದ ಚಕ್ರ ತಿರುಗುತ್ತೆ.”

ಅಪ್ಪನಿಗೆ ರೇಗಿಹೋಯಿತು. ಮೂವತ್ತು ವರ್ಷ ಕಬ್ಬಿಣಕ್ಕೆ ಹಲ್ಲು ಕತ್ತರಿಸಿದವರಿಗೆ, ಹಲ್ಲಿಗೆ ಹಲ್ಲು ಕಚ್ಚದೆ ಕಾರು ಹೋಗುತ್ತದೆ ಎಂದರೆ? “ಎಣ್ಣೆ ಇರೋದು ಒಗ್ಗರಣೆಗೆ ಬಾಷಾ. ಎಣ್ಣೆ ಹಾಕಿದ್ರೆ ಜಾರುತ್ತೆ, ಎಳೆಯಲ್ಲ. ನನ್ನ ಕಿವಿಗೆ ಹೂ ಇಡ್ಬೇಡ!”

ಆದರೂ ಅತ್ತೆಯ ಮುಖ ನೋಡಿ ರಿಚರ್ಡ್ಸ್ ಟೌನಿಗೆ ಹೋಗಿ ಆ ಕಾರಿನ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ಎರವಲು ತಂದರು. ಎರಡು ದಿನ ಊಟದ ತಟ್ಟೆಯ ಪಕ್ಕದಲ್ಲೂ ಅದೇ ಪುಸ್ತಕ. ಮೂರನೆಯ ದಿನ ಭಾನುವಾರ, ಪಕ್ಕದ ಮನೆಯಿಂದ ಟೇಬಲ್ ಫ್ಯಾನು ಹೊತ್ತು ತಂದು, ನಮ್ಮ ಫ್ಯಾನಿನ ಎದುರಿಗೆ ಮುಖಾಮುಖಿ ಇಟ್ಟು, ಅದರ ಮುಂದಿನ ಜಾಲರಿ ಬಿಚ್ಚಿ, “ಎಲ್ಲ ಬನ್ನಿ ಇಲ್ಲಿ!” ಎಂದು ಕೂಗಿದರು. ಅವರ ದನಿಯೇ ಬೇರೆಯಾಗಿತ್ತು.

“ಇದು ಎಂಜಿನ್ನು” ಎಂದು ನಮ್ಮ ಫ್ಯಾನಿನ ಸ್ವಿಚ್ಚು ಹಾಕಿದರು. “ಇದು ಚಕ್ರ. ನೋಡಿ, ಇದಕ್ಕೆ ಕರೆಂಟೇ ಕೊಟ್ಟಿಲ್ಲ, ವೈರು ಕೆಳಗೆ ಬಿದ್ದಿದೆ.”

ನಮ್ಮ ಫ್ಯಾನು ಜೋರಾಯಿತು. ಪಕ್ಕದ ಮನೆಯ ಫ್ಯಾನು ಒಮ್ಮೆ ಮಿಸುಕಿತು. ಮತ್ತೆ ಮಿಸುಕಿತು. ಆಮೇಲೆ, ಯಾರೂ ಮುಟ್ಟದೆ, ಮೆಲ್ಲಗೆ, ತಿರುಗಲು ಶುರುವಾಯಿತು! ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯಾಕೆ ತನ್ನ ಫ್ಯಾನಿಗೆ ದೆವ್ವ ಹಿಡಿಯಿತೆಂದು ಮೂಗಿನ ಮೇಲೆ ಬೆರಳಿಟ್ಟಳು.

ಅತ್ತೆ ಟಕ್ ಟಕ್ ಎಂದು ಎದ್ದು ಬಂದು ಎರಡರ ನಡುವೆ ಕೈ ಆಡಿಸಿದಳು. “ಮಧ್ಯೆ ಏನೂ ಇಲ್ಲ ಅಲ್ವಾ ಅಣ್ಣ?”

“ಗಾಳಿ ಇದೆ. ಕಾರಲ್ಲಿ ಗಾಳಿ ಬದಲು ಎಣ್ಣೆ, ಡಬ್ಬಿ ಒಳಗೆ ಮುಚ್ಚಿ ಇಟ್ಟಿರ್ತಾರೆ. ಎಂಜಿನ್ ಕಡೆ ರೆಕ್ಕೆ ಎಣ್ಣೆ ಚಿಮ್ಮುತ್ತೆ, ಚಕ್ರದ ಕಡೆ ರೆಕ್ಕೆ ಅದರಿಂದ ತಿರುಗುತ್ತೆ. ಅದರ ಹಿಂದೆ ಗೇರುಗಳೂ ಇವೆ, ವೇಗ ನೋಡಿ ತಾವೇ ಬದಲಾಗ್ತವೆ. ನಿನ್ನ ಸ್ಕೇಲು ತೊಗೊಂಬಾ. ಹಾಂ, ಈಗ ಆ ರೆಕ್ಕೆಗೆ ಅಡ್ಡ ಹಿಡಿ. ಬ್ರೇಕ್ ಹಾಕ್ದೆ ಅಂದ್ಕೋ.”

ಅತ್ತೆ ಮರದ ಸ್ಕೇಲನ್ನು ಅಡ್ಡ ಹಿಡಿದಳು. ಆ ಫ್ಯಾನು ಗಕ್ಕನೆ ನಿಂತಿತು. ನಮ್ಮ ಫ್ಯಾನು ಮಾತ್ರ ತನ್ನ ಪಾಡಿಗೆ ತಿರುಗುತ್ತಲೇ ಇತ್ತು.

“ಎಂಜಿನ್ ನಿಲ್ಲಲಿಲ್ಲ!” ಎಂದು ಕಿರುಚಿದವಳು ಅತ್ತೆ. ಸ್ಕೇಲು ತೆಗೆದಳು, ಮತ್ತೆ ತಿರುಗಿತು. ಹಿಡಿದಳು, ನಿಂತಿತು. “ಅಣ್ಣ, ಕ್ಲಚ್ಚೇ ಬೇಡ! ಕ್ಲಚ್ಚೇ ಬೇಡ ಕಣೋ!” ನಲವತ್ತು ದಾಟಿದ ಲೆಕ್ಕದ ಮಿಸ್ಸು ಅವತ್ತು ಮಧ್ಯಾಹ್ನ ಊಟಕ್ಕೂ ಏಳದೆ ಆ ಸ್ಕೇಲನ್ನು ಹಿಡಿಯುವುದು ಬಿಡುವುದು ಮಾಡುತ್ತಿದ್ದಳು.

ಮಾರನೆಯ ದಿನವೇ ಅಪ್ಪ ರಜೆ ಹಾಕಿ, ನನಗೂ ರಜೆ ಹಾಕಿಸಿ, ಅತ್ತೆ, ಬಾಷಾ ಸಾಹೇಬರು ಸೇರಿ ನಾವು ನಾಲ್ವರೂ ಡಾಲಿ ಮೇಡಂ ಮನೆಗೆ ಹೋದೆವು. ಡಾಲಿ ಮೇಡಂ ಎಸ್ಟೇಟಿನಲ್ಲಿದ್ದವರೊಬ್ಬರ ಹೆಂಡತಿ, ಗಂಡ ತೀರಿಕೊಂಡಿದ್ದರು, ತಾವು ಕೂನೂರಿನ ಮಗಳ ಮನೆಗೆ ಹೊರಟಿದ್ದರು. ಹಸಿರು ಬಣ್ಣದ ಕಾರು ಸಂಪಿಗೆ ಮರದ ಕೆಳಗೆ ನಿಂತಿತ್ತು. ಸ್ಟೇರಿಂಗಿನ ಹತ್ತಿರದ ಕಡ್ಡಿಗೆ ಐದು ಅಕ್ಷರ ಬರೆದಿತ್ತು: ಒಂದು ನಿಲ್ಲಿಸುವುದಕ್ಕೆ, ಒಂದು ಹಿಂದಕ್ಕೆ, ಒಂದು ಸುಮ್ಮನಿರುವುದಕ್ಕೆ, ಒಂದು ಮುಂದಕ್ಕೆ, ಒಂದು ದಿಣ್ಣೆ ಹತ್ತುವುದಕ್ಕೆ. ಕೆಳಗೆ ಎರಡೇ ಪೆಡಲು. ಬ್ರೇಕಿನದು ಮಾತ್ರ ಮಣೆಯಷ್ಟು ಅಗಲ.

ಮೊದಲು ಅಪ್ಪ ಕೂತರು, ಪಕ್ಕದಲ್ಲಿ ಬಾಷಾ ಸಾಹೇಬರು, ಹಿಂದೆ ಡಾಲಿ ಮೇಡಂ ಮತ್ತು ನಾನು. ಮುಂದಕ್ಕೆ ಹೋಗುವ ಅಕ್ಷರಕ್ಕೆ ಕಡ್ಡಿ ಎಳೆದರು, ಬ್ರೇಕು ಬಿಟ್ಟರು. ಆಕ್ಸಿಲರೇಟರು ಮುಟ್ಟುವ ಮೊದಲೇ ಕಾರು ತಾನಾಗಿ ಮೆಲ್ಲಗೆ ಹೊರಟಿತು. ಮನೆಯೆದುರಿನ ಪಾರ್ಕಿನ ಮೂಲೆಯವರೆಗೆ ರಾಜಗಾಂಭೀರ್ಯ. ಮೂಲೆ ಬಂತು. ಮೂವತ್ತು ವರ್ಷದ ಅಭ್ಯಾಸ ನೋಡಿ, ತಿರುವು ಬಂದರೆ ಗೇರು ಇಳಿಸಬೇಕು, ಗೇರು ಇಳಿಸಬೇಕಾದರೆ ಕ್ಲಚ್ಚು ತುಳಿಯಬೇಕು. ಅಪ್ಪನ ಎಡಗಾಲು ಕೇಳದೆ ಹೇಳದೆ ಎದ್ದು, ಇಲ್ಲದ ಕ್ಲಚ್ಚನ್ನು ಹುಡುಕಿ, ಸಿಕ್ಕಿದ ಆ ಅಗಲದ ಬ್ರೇಕನ್ನು ಧಡ್ ಎಂದು ತುಳಿಯಿತು. ಬಾಷಾ ಸಾಹೇಬರ ಟೋಪಿ ಮುಂದಿನ ಗಾಜಿಗೆ ಹೋಯಿತು. ಡಾಲಿ ಮೇಡಂ ನನ್ನ ಮಡಿಲಿಗೆ ಬಂದರು.

“ಮಿಸ್ಟರ್, ಬ್ರೇಕ್ ಮೇಲೆ ಯಾಕೆ ಡ್ಯಾನ್ಸ್ ಮಾಡ್ತೀರಾ?” ಎಂದರು ಮೇಡಂ.

“ಕಾರು ಸರಿ ಇಲ್ಲ” ಎಂದರು ಅಪ್ಪ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮತ್ತೆ ಹೊರಟು ಮುಂದಿನ ಮೂಲೆಯಲ್ಲೂ ಧಡ್!

ಆಮೇಲೆ ಬಾಷಾ ಸಾಹೇಬರು. ಎರಡು ಮೂಲೆ, ಎರಡು ಧಡ್. ನನಗೆ ಒಳಗೊಳಗೇ ಖುಷಿ. ಗಂಡಸರಿಗೆ ನಾಜೂಕು ಎಲ್ಲಿ ಬರಬೇಕು, ಸದ್ದಿಲ್ಲದೆ ಫಸ್ಟ್ ಗೇರಿಗೆ ಇಳಿಯುವವಳು ನಾನು ಎಂದು ಸೆರಗು ಸಿಕ್ಕಿಸಿಕೊಂಡು ಕೂತೆ. ನಾನು ಡಬಲ್ ಕ್ಲಚ್ಚಿನವಳಲ್ಲವೇ? ಒಂದು ಮೂಲೆಗೆ ಎರಡು ಸಲ ತುಳಿದೆ. ಧಡ್, ಧಡ್! ಡಾಲಿ ಮೇಡಂ ಕಾರಿನಿಂದ ಇಳಿದು ಬೇಲಿ ಹಿಡಿದುಕೊಂಡರು. “ನನ್ ಹಸ್ಬೆಂಡ್ ಒಂದು ವರ್ಷ ಎಡಗಾಲು ಮಡಚಿ ಅದರ ಮೇಲೆ ಕೂತ್ಕೊಂಡು ಓಡಿಸಿದ್ರು. ಅದಕ್ಕೇ ಯಾರೂ ತೊಗೊಳ್ಳಲ್ಲ ಇದನ್ನ. ಬರ್ತಾರೆ, ಡ್ಯಾನ್ಸ್ ಮಾಡ್ತಾರೆ, ಹೋಗ್ತಾರೆ” ಎಂದರು.

ಅತ್ತೆ ಇಷ್ಟು ಹೊತ್ತೂ ಮರದ ಕೆಳಗೆ ಕುರ್ಚಿಯ ಮೇಲೆ ಕೂತು ನೋಡುತ್ತಿದ್ದಳು. “ಆಯ್ತಾ ನಿಮ್ಮೆಲ್ಲರದೂ? ಇಳೀರಿ” ಎಂದಳು.

ಎಡಗಾಲನ್ನು ಕೈಯಲ್ಲಿ ಎತ್ತಿ ಒಳಗಿಟ್ಟು, ಒಂದು ಪಕ್ಕಕ್ಕೆ ಒರಗಿಸಿದಳು. ಅದು ಅಲ್ಲೇ ಇತ್ತು. ಅದಕ್ಕೆ ಯಾವ ಅಭ್ಯಾಸವೂ ಇರಲಿಲ್ಲ, ಯಾವ ಕ್ಲಚ್ಚಿನ ನೆನಪೂ ಇರಲಿಲ್ಲ. ಕಡ್ಡಿ ಎಳೆದಳು. ಕಾರು ಹೊರಟಿತು. ಮೂಲೆ ಬಂತು. ತಿರುಗಿತು. ಇನ್ನೊಂದು ಮೂಲೆ, ತಿರುಗಿತು. ಪಾರ್ಕಿನ ಸುತ್ತ ಒಂದು, ಎರಡು, ಮೂರು ಸುತ್ತು! ನಿಲ್ಲಿಸು ಎಂದರೂ ನಿಲ್ಲಿಸಲಿಲ್ಲ, ಪ್ರತಿ ಸುತ್ತಿಗೂ ನಮ್ಮ ಮುಂದೆ ಬಂದಾಗ ಹಾರನ್ನು ಬಾರಿಸಿ ಹೋಗುತ್ತಿದ್ದಳು. ನಾಲ್ಕನೇ ಸುತ್ತಿಗೆ ಅಪ್ಪ ರಸ್ತೆ ಮಧ್ಯೆ ಚಪ್ಪಲಿ ಬಿಟ್ಟು ಅವಳ ಪಕ್ಕ ಓಡುತ್ತಿದ್ದರು.

ಆದರೆ ಮನೆಗೆ ಬಂದ ಮೇಲೆ ನಿಜವಾದ ಇಕ್ಕಟ್ಟು. ಎರಡು ಕಾರು ಸಾಕುವ ಮನೆ ನಮ್ಮದಲ್ಲ. ಇದನ್ನು ತರಬೇಕೆಂದರೆ ಅದನ್ನು ಕೊಡಬೇಕು. ಅಮ್ಮ ಬೆರಳು ಮಡಚಿ ಹೇಳಿದಳು: ಇದು ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಸಾಮಾನು ಸಿಗುವುದಿಲ್ಲ, ರಿಪೇರಿ ಗೊತ್ತಿರುವವರು ಊರಲ್ಲಿಲ್ಲ, ಎಲ್ಲಕ್ಕಿಂತ ಮಿಗಿಲಾಗಿ ಮನೆಯ ಯಜಮಾನರಿಗೇ ಓಡಿಸಲು ಬರುವುದಿಲ್ಲ. ಅಷ್ಟೂ ನಿಜವೇ.

“ಬೇಡ ಬಿಡಣ್ಣ. ಆ ಗೇರಿನ ಕೊಂಡಿ ನೀನೇ ಮಾಡಿದ್ದು. ನಿನ್ನ ಕಾರು ಕಸ್ಕೊಂಡು ನಾನು ಹೆಡ್ಮಿಸ್ಸಾಗ್ಬೇಕಾ?” ಎಂದಳು ಅತ್ತೆ. ಅಪ್ಪ ಶನಿವಾರ ಕಾರನ್ನು ಮೂರು ಸಲ ತೊಳೆದರು. ಭಾನುವಾರ ಒಬ್ಬರೇ ಶಿವಾಜಿನಗರಕ್ಕೆ ಓಡಿಸಿಕೊಂಡು ಹೋಗಿ ಬಾಷಾ ಸಾಹೇಬರು ಹುಡುಕಿದ್ದ ಗಿರಾಕಿಗೆ ಕೊಟ್ಟು, ನಡೆದುಕೊಂಡು ಬಂದರು. “ನನಗೇನು, ಕಾರ್ಖಾನೆ ಬಸ್ಸು ಬೀದಿ ತುದಿಗೇ ಬರುತ್ತೆ” ಎಂದು ಒಂದೇ ಮಾತು ಹೇಳಿ ಸ್ನಾನಕ್ಕೆ ಹೋದರು. ಆ ಸ್ನಾನ ಬಹಳ ಹೊತ್ತು ಹಿಡಿಯಿತು.

ಅತ್ತೆಯ ಲೈಸೆನ್ಸಿನ ಪರೀಕ್ಷೆಯ ದಿನ, ಆ ದುಡ್ಡಿನಲ್ಲಿ ಮನೆಗೆ ಬಂದಿದ್ದ ಹಸಿರು ಕಾರು ಮಿಸುಕಲೇ ಇಲ್ಲ. ಹಿಂದಿನ ದಿನ ದೀಪ ಹಾಕಿ ಪರೀಕ್ಷೆ ಮಾಡಿ ಆರಿಸಲು ಮರೆತಿದ್ದ ಜಾಣೆ ನಾನೇ, ಬ್ಯಾಟರಿ ಸತ್ತಿತ್ತು. ನಮ್ಮ ಬೀದಿಯವರಿಗೆ ಕಾರು ನಿಂತರೆ ತಳ್ಳುವುದು ಮದುವೆ ಮನೆಯ ಊಟಕ್ಕೆ ಕೂತಷ್ಟೇ ಸಹಜ. ಹತ್ತು ಜನ ಬಂದರು, ತರಕಾರಿಯವನು ಗಾಡಿ ಬಿಟ್ಟು ಬಂದ. “ಐಸಾ!” ಎಂದು ಕೆರೆಯವರೆಗೆ ತಳ್ಳಿದರು, ಕೆರೆಯಿಂದ ವಾಪಸು ತಳ್ಳಿದರು. ಬಾಷಾ ಸಾಹೇಬರು ಸೈಕಲ್ಲಿನ ಹಿಂದೆ ಬೇರೆ ಬ್ಯಾಟರಿ ಕಟ್ಟಿಕೊಂಡು ಬಂದು ಹಣೆ ಹಣೆ ಚಚ್ಚಿಕೊಂಡರು. “ಅರೆ, ಎಂಜಿನ್ನಿಗೂ ಚಕ್ರಕ್ಕೂ ನಡುವೆ ಎಣ್ಣೆ! ಚಕ್ರ ತಿರುಗಿಸಿದ್ರೆ ಎಂಜಿನ್ ಹ್ಯಾಗೆ ಏಳುತ್ತೆ? ಇದು ತಳ್ಳಿದ್ರೆ ಚಾಲೂ ಆಗೋ ಜಾತಿ ಅಲ್ಲ!” ಹತ್ತೂ ಜನ ಆ ಕಾರನ್ನು ಭಾರಿ ಅಹಂಕಾರದ್ದು ಎಂದು ಬೈದು ಹೋದರು.

ಹೇಗೋ ಸಮಯಕ್ಕೆ ಮುಟ್ಟಿದೆವು. ಪರೀಕ್ಷೆ ಮಾಡುವ ಇನ್ಸ್‌ಪೆಕ್ಟರು ಮೊದಲು ಬೂಟು ನೋಡಿದರು, ಆಮೇಲೆ ಅತ್ತೆಯನ್ನು. “ಆಗೋದಿಲ್ಲಮ್ಮ” ಎಂದರು.

“ನೀವಿನ್ನೂ ಪ್ರಶ್ನೆ ಕೊಟ್ಟಿಲ್ಲ, ಆಗ್ಲೇ ಸೊನ್ನೆ ಹಾಕ್ತೀರಾ?” ಎಂದಳು ಅತ್ತೆ, ಶಾಲೆಯ ದನಿಯಲ್ಲಿ.

ಇನ್ಸ್‌ಪೆಕ್ಟರು ದಿಣ್ಣೆಗೆ ಕರೆದೊಯ್ದರು. ಅದು ಎಲ್ಲರೂ ಸೋಲುವ ಜಾಗ. ಏರಿನ ಮಧ್ಯೆ ನಿಲ್ಲಿಸಿ, ಹಿಂದಕ್ಕೆ ಒಂದು ಗೇಣೂ ಜಾರದೆ ಮತ್ತೆ ಹೊರಡಬೇಕು. ಕ್ಲಚ್ಚನ್ನು ಅರ್ಧಕ್ಕೆ ಹಿಡಿದು ಬೆವರು ಸುರಿಸುವ ಕಸರತ್ತು ಅದು, ನಾನು ಎರಡು ಸಲ ಫೇಲಾಗಿದ್ದೆ. ಅತ್ತೆ ನಿಲ್ಲಿಸಿದಳು. ಹೊರಟಳು. ಅಷ್ಟೇ. “ಇನ್ನೊಂದ್ಸಲ” ಎಂದರು ಇನ್ಸ್‌ಪೆಕ್ಟರು. ಇನ್ನೊಂದು ಸಲ. ಅವರಿಗೆ ನಂಬಿಕೆ ಬರಲಿಲ್ಲ. “ಸ್ವಲ್ಪ ಇಳೀರಿ, ನಾನೇ ನೋಡ್ತೀನಿ” ಎಂದು ತಾವು ಕೂತು ಹೊರಟರು. ದಿಣ್ಣೆಯ ತುದಿಯಲ್ಲಿ ತಿರುವು ಬಂತು. ಅಪ್ಪ ನನ್ನ ಕೈ ಹಿಡಿದುಕೊಂಡು “ಈಗ” ಎಂದರು. ಧಡ್! ಇನ್ಸ್‌ಪೆಕ್ಟರು ಕನ್ನಡಕ ಸರಿಮಾಡಿಕೊಂಡು ಇಳಿದು ಬಂದು ಕಾಗದಕ್ಕೆ ಸಹಿ ಹಾಕಿದರು.

ಶಾಲೆ ತೆರೆಯುವ ದಿನ ಅತ್ತೆಯನ್ನು ಒಬ್ಬಳನ್ನೇ ಕಳಿಸಲು ಅಪ್ಪನಿಗೆ ಧೈರ್ಯ ಸಾಲಲಿಲ್ಲ. ಕೋಟು ಹಾಕಿಕೊಂಡು ನನ್ನನ್ನೂ ಹೊರಡಿಸಿದರು. ಮುಂದಿನ ಸೀಟಿನಲ್ಲಿ ಅತ್ತೆಯ ಪುಸ್ತಕಗಳೂ ಅಮ್ಮ ಕಟ್ಟಿದ ಡಬ್ಬಿಯೂ ಕೂತಿದ್ದರಿಂದ ನಾವಿಬ್ಬರೂ ಹಿಂದೆ. ಹಳೇ ಮದ್ರಾಸ್ ರಸ್ತೆಯಲ್ಲಿ ಲಾರಿಗಳ ಸಾಲು, ರೈಲ್ವೆ ಗೇಟು ಬೇರೆ ಹಾಕಿತ್ತು. ಗೇಟು ತೆರೆದಾಗ ಸುತ್ತಲೂ ಕರ್, ಕುರ್ ಎಂದು ಗೇರುಗಳು ಹಲ್ಲು ಕಡಿಯುತ್ತಿದ್ದರೆ ನಮ್ಮ ಕಾರು ಸುಮ್ಮನೆ ಹೊರಟಿತು. ಅಪ್ಪ ದಾರಿಯುದ್ದಕ್ಕೂ “ನಿಧಾನ, ಎಡಕ್ಕೆ, ಎತ್ತಿನಗಾಡಿ” ಎನ್ನುತ್ತಲೇ ಇದ್ದರು.

ಶಾಲೆಯ ಗೇಟಿನಲ್ಲಿ ಮೇಷ್ಟ್ರುಗಳೆಲ್ಲ ಸಾಲಾಗಿ ನಿಂತಿದ್ದರು. ಕಾರು ನಿಂತದ್ದೇ ತಡ, ಜವಾನ ಓಡಿ ಬಂದು ಹಿಂದಿನ ಬಾಗಿಲು ತೆಗೆದ. ಕಾರಿನಲ್ಲಿ ಬರುವ ಹೆಡ್‌ಮಿಸ್ಟ್ರೆಸ್ಸು ಇನ್ನೆಲ್ಲಿ ಕೂತಿರುತ್ತಾರೆ? ಹಿರಿಯ ಮೇಷ್ಟ್ರೊಬ್ಬರು ಬಗ್ಗಿ ನೋಡಿ, ಒಂದು ಗಳಿಗೆ ತಬ್ಬಿಬ್ಬಾಗಿ, ಹಾರವನ್ನು ನನ್ನ ಕೊರಳಿಗೆ ಹಾಕಿಬಿಟ್ಟರು. “ಇಷ್ಟು ಚಿಕ್ಕ ವಯಸ್ಸಿಗೇ ಹೆಡ್ಮಿಸ್ಸು! ಬನ್ನಿ ಮೇಡಂ, ಬನ್ನಿ.”

“ಆ ಹಾರ ಈ ಕಡೆ ತನ್ನಿ ಮೇಷ್ಟ್ರೇ” ಎಂದಳು ಅತ್ತೆ ಮುಂದಿನಿಂದ. “ಅವಳಿಗೆ ಇನ್ನೂ ಕಾರು ಓಡಿಸೋಕೇ ಬರಲ್ಲ.”

ಬಾಗಿಲು ತೆಗೆದು, ಎರಡು ಕೈಯಲ್ಲಿ ಎಡಗಾಲು ಎತ್ತಿ ಹೊರಗಿಟ್ಟು, ಎದ್ದು ನಿಂತಳು. ಟಕ್, ಟಕ್ ಎಂದು ಗೇಟಿನೊಳಗೆ ನಡೆದಳು. ನಾಲ್ಕು ಹೆಜ್ಜೆ ಹೋದವಳು ತಿರುಗಿ, “ಅಣ್ಣ, ನಾನು ಬರೋದು ಸಂಜೆ ಆಗುತ್ತೆ. ನೀವಿಬ್ರೂ ಬಸ್ಸಲ್ಲಿ ಹೋಗಿ” ಎಂದಳು. ಕಾರನ್ನು ನಾವು ತೆಗೆದುಕೊಂಡು ಹೋಗಬಹುದೆಂಬ ಯೋಚನೆ ಅವಳಿಗೂ ಬರಲಿಲ್ಲ, ನಮಗೂ ಬರಲಿಲ್ಲ.

ಬಸ್ಸಿಗೆ ಮುಕ್ಕಾಲು ಗಂಟೆ ಕಾದೆವು. ಅಪ್ಪ ಮತ್ತೆ ಮತ್ತೆ ಶಾಲೆಯ ಕಡೆಗೇ ತಿರುಗಿ ನೋಡುತ್ತಿದ್ದರು. ನಾನು ಬೇಜಾರೇನೋ ಎಂದುಕೊಂಡೆ. ಬಸ್ಸು ಬಂತು, ಸೀಟು ಸಿಗಲಿಲ್ಲ, ಕಂಬಿ ಹಿಡಿದು ನಿಂತೆವು. ಕಂಡಕ್ಟರು ಜನರ ನಡುವೆ ತೂರಿಕೊಂಡು ಬಂದು “ಎಲ್ಲಿಗ್ರೀ?” ಎಂದ.

“ಅಲ್ಸೂರಿಗೆ ಎರಡು ಕೊಡಪ್ಪ” ಎಂದರು ಅಪ್ಪ. ಕಣ್ಣು ಒರೆಸಿಕೊಂಡರು. “ನಮ್ಮ ತಂಗಿ ಇಲ್ಲಿ ಶಾಲೇಲಿ ಹೆಡ್ಮಿಸ್ಸು. ಕಾರಲ್ಲಿ ಬರ್ತಾಳೆ. ಅವಳೇ ಓಡಿಸ್ಕೊಂಡು.”

ಕಂಡಕ್ಟರು ಕೇಳಿದ್ದು ಎಲ್ಲಿಗೆ ಅಂತ ಮಾತ್ರ.